ಹೊಲದೊಡತಿಯ ಹೆಸರೆಲ್ಲಿ?



12ನೆಯ ಶತಮಾನದಲ್ಲಿ ಆಯ್ದಕ್ಕಿ ಲಕ್ಕಮ್ಮ, ಗಂಡ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಸುರಿದು ಬಾ ಎಂದು ಹಿಂದಕ್ಕೆ ಕಳಿಸಿದಳು. 17ನೆಯ ಶತಮಾನದಲ್ಲಿ ಮೈಸೂರು ಅರಮನೆಯ ಊಳಿಗದ ಸಂಚಿ ಹೊನ್ನಮ್ಮ, ಪತಿವ್ರತೆಯ ಧರ್ಮವನ್ನು ಹೇಳುತ್ತಲೇ ಹೆಣ್ಣನ್ನು ಹಳಿಯುವವರನ್ನು ತರಾಟೆಗೆ ತೆಗೆದುಕೊಂಡಳು. 1899ರ 'ಇಂದಿರಾಬಾಯಿ' ಕಾದಂಬರಿಯಲ್ಲಿ ವಿಧವೆ ಓದು ಕಲಿತು ಮರುಮದುವೆಯಾದಳು. ಸಾಹಿತ್ಯದಲ್ಲಿ ಹೆಣ್ಣು ಇಷ್ಟು ದೂರ ನಡೆದು ಬಂದಳು. ಹೊಲದಲ್ಲಿ?

ನಾಟಿ ಅವಳದು, ಕಳೆ ಅವಳದು, ಕೊಯ್ಲಿನ ಕುಡುಗೋಲೂ ಅವಳದು. 1951ರಲ್ಲಿ ಕಾಗೋಡಿನ ಗೇಣಿದಾರರು ಎದ್ದು ನಿಂತರು. 1974ರ ಭೂಸುಧಾರಣೆ ಗೇಣಿಯನ್ನೇ ರದ್ದು ಮಾಡಿತು. 'ಉಳುವವನೇ ಹೊಲದೊಡೆಯ' ಎಂಬ ಘೋಷಣೆ ನ್ಯಾಯವಾದದ್ದೇ. ಆದರೆ 'ಉಳುವವನು' ಎಂದಾಗ ನಾಟಿ ಮಾಡಿದವಳು ಹೊರಗುಳಿದಳು. ಪಹಣಿಗೆ ಏರಿದ್ದು ಬಹುಮಟ್ಟಿಗೆ ಗಂಡಸಿನ ಹೆಸರು.

2005ರ ತಿದ್ದುಪಡಿ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲು ಕೊಟ್ಟಿದೆ. ಆದರೂ ಅರಿಸಿನ ಕುಂಕುಮ, ಒಂದು ಸೀರೆ ಕೊಟ್ಟು ಅಕ್ಕತಂಗಿಯರಿಂದ ಹಕ್ಕುಬಿಡುಗಡೆ ಪತ್ರಕ್ಕೆ ರುಜು ಹಾಕಿಸುವುದು ನಿಂತಿಲ್ಲ. ತವರು ತಪ್ಪೀತೆಂಬ ಅಂಜಿಕೆಯಿಂದ ಅವರೂ ಹಾಕುತ್ತಾರೆ.

ಸಮಾನತೆಯನ್ನು ವೇದಿಕೆಯಿಂದ ಸಾರುವ ನಾವು, ಮೊದಲು ನಮ್ಮ ಮನೆಯ ಪಾಲುಪಟ್ಟಿಯಲ್ಲಿ ಅಕ್ಕತಂಗಿಯರ ಹೆಸರು ಬರೆಸೋಣ. ಆ ರುಜು ಕೇಳಲು ಹೋಗದವನೇ ಸಮಾಜವಾದಿ.