ಶೆಡ್ಡು ಕಟ್ಟುವ ಮೊದಲು ವೈರಿಂಗ್ ಲೆಕ್ಕ
(ಜುಬೈಲ್‌ನಲ್ಲಿ ನಮ್ಮವರ ಕೂಟದಲ್ಲಿ ಆಡಿದ ಮಾತು)

ನನಗೆ ಭಾಷಣ ಮಾಡಿ ಅಭ್ಯಾಸವಿಲ್ಲ. ಸರ್ಕಾರಿ ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಓದಿದವನು, ಗೊತ್ತಿರುವುದನ್ನು ಹೇಳ್ತೇನೆ.

ನಮ್ಮಲ್ಲಿ ತುಂಬಾ ಜನರ ಆಸೆ ಒಂದೇ. ಇಲ್ಲಿಂದ ಎಕ್ಸಿಟ್ ಹೋದ ಮೇಲೆ ಊರಲ್ಲಿ ಮನೆ ಪಕ್ಕದ ಕಾರ್ ಶೆಡ್ಡಿನಲ್ಲೇ ಸಣ್ಣ ವರ್ಕ್‌ಶಾಪ್ ಮಾಡೋದು. ಗ್ರಿಲ್, ಗೇಟು, ಮರಗೆಲಸ. ಒಳ್ಳೇದು. ಆದರೆ ಶೀಟಿಗೆ, ಮೆಷಿನ್ನಿಗೆ ಲಕ್ಷ ಖರ್ಚು ಮಾಡುವವರು ಕರೆಂಟಿಗೆ ಮಾತ್ರ ಹಾಲ್‌ನ ಪ್ಲಗ್ಗಿನಿಂದ ಒಂದು ವೈರ್ ಎಳೆದು ಮುಗಿಸ್ತಾರೆ. ನೀವು ಇಲ್ಲಿರುವಾಗ ಆ ಶೆಡ್ಡಿಗೆ ಹೋಗುವವರು ಅಪ್ಪ, ತಮ್ಮ, ಮಕ್ಕಳು. ಅದು ನೆನಪಿರಲಿ.

ಮೊದಲು ಲೋಡ್ ಲೆಕ್ಕ. 850 ವ್ಯಾಟ್ ಗ್ರೈಂಡರ್ ಸುಮಾರು 4 ಆಂಪ್ಸ್ ಎಳೀತದೆ. 2 ಎಚ್‌ಪಿ ಕಂಪ್ರೆಸರ್ ಸುಮಾರು 10, ಸ್ಟಾರ್ಟ್ ಆಗುವ ಕ್ಷಣದಲ್ಲಿ ಅದರ ಐದಾರು ಪಟ್ಟು. ಇನ್ವರ್ಟರ್ ವೆಲ್ಡಿಂಗ್ ಮೆಷಿನ್ ಗ್ರಿಲ್ ಕೆಲಸಕ್ಕೆ ಸುಮಾರು 20, ಪೂರ್ತಿ ಏರಿಸಿದರೆ 30 ದಾಟಬಹುದು. ಒಬ್ಬನೇ ಕೆಲಸ ಮಾಡಿದರೂ ವೆಲ್ಡಿಂಗ್ ನಡೆಯುವಾಗ ಕಂಪ್ರೆಸರ್ ತಾನಾಗಿಯೇ ಶುರುವಾಗ್ತದೆ. ಒಟ್ಟು 30 ಆಂಪ್ಸ್ ಹಿಡಿಯಿರಿ. ಮನೆಗೆ ಮಂಜೂರಾದ ಲೋಡ್ 3 ಕಿಲೋವ್ಯಾಟ್ ಇದ್ದರೆ ಅದು ಬರೀ 13 ಆಂಪ್ಸ್. ಹಾಗಾಗಿ ಮೆಸ್ಕಾಂ, ಬೆಸ್ಕಾಂ, ನಿಮ್ಮ ಕಡೆ ಯಾವುದೋ ಅಲ್ಲಿ ಮೊದಲೇ ವಿಚಾರಿಸಿ. ದುಡಿಮೆಗೆ ಮಾಡುವ ಕೆಲಸವಾದರೆ ಬೇರೆ ಮೀಟರೇ ತಗೊಳ್ಳಿ. ಗೃಹಜ್ಯೋತಿ ಮನೆಬಳಕೆಗೆ ಮಾತ್ರ.

ಎರಡನೇದು ವೈರ್. ಮೀಟರಿನಿಂದ ಶೆಡ್ಡಿಗೆ 25 ಮೀಟರ್ ಇದೆ ಅಂದುಕೊಳ್ಳಿ. 2.5 ಸ್ಕ್ವೇರ್ ತಾಮ್ರದ ವೈರಿನಲ್ಲಿ 30 ಆಂಪ್ಸ್ ಹೋದರೆ 13 ವೋಲ್ಟಿಗೂ ಹೆಚ್ಚು ದಾರಿಯಲ್ಲೇ ಹೋಗ್ತದೆ, ವೈರೂ ಸುಡುವಷ್ಟು ಬಿಸಿಯಾಗ್ತದೆ. 10 ಸ್ಕ್ವೇರ್ ಹಾಕಿದರೆ ಮೂರು ವೋಲ್ಟ್ ಚಿಲ್ಲರೆ ಅಷ್ಟೇ. ಶೆಡ್ಡಿನೊಳಗೆ ಸಣ್ಣ ಡಿಬಿ ಇಟ್ಟು ಲೈನ್ ಬೇರೆ ಮಾಡಿ: ಲೈಟಿಗೆ 1.5, 16 ಆಂಪ್ಸ್ ಸಾಕೆಟ್ಟಿಗೆ 2.5, ಕಂಪ್ರೆಸರಿಗೆ 4, ವೆಲ್ಡಿಂಗಿಗೆ 6 ಸ್ಕ್ವೇರ್. ಮೋಟರ್, ವೆಲ್ಡಿಂಗ್ ಎರಡಕ್ಕೂ ಸಿ ಟೈಪ್ ಎಂಸಿಬಿ. ಬಿ ಟೈಪ್ ಹಾಕಿದರೆ ಸ್ಟಾರ್ಟ್ ಮಾಡಿದಾಗಲೆಲ್ಲ ಬೀಳ್ತದೆ. ಆಗ ಯಾರೋ ಬಂದು ದೊಡ್ಡ ಎಂಸಿಬಿ ಹಾಕಿ ಹೋಗ್ತಾರೆ, ವೈರಿಗೆ ರಕ್ಷಣೆಯೇ ಇಲ್ಲದ ಹಾಗೆ ಆಗ್ತದೆ.

ಮೂರನೇದು ಜೀವದ ವಿಷಯ. ಎಂಸಿಬಿ ಕಾಯೋದು ವೈರನ್ನು, ಮನುಷ್ಯನನ್ನಲ್ಲ. ಮನುಷ್ಯನಿಗೆ 30 ಮಿಲಿಆಂಪ್ಸ್ ಆರ್‌ಸಿಸಿಬಿ ಬೇಕೇ ಬೇಕು. ನಮ್ಮ ಕರಾವಳಿ ಮಳೆಯಲ್ಲಿ ನೆಲ ಒದ್ದೆ, ಸುತ್ತ ಕಬ್ಬಿಣ. ಅರ್ತಿಂಗ್ ಸರಿಯಾಗಿ ಮಾಡಿಸಿ, ಶೆಡ್ಡಿನ ಕಂಬಕ್ಕೂ ಅರ್ತ್ ಕೊಡಿ. ತಿಂಗಳಿಗೊಮ್ಮೆ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ ನೋಡಲಿಕ್ಕೆ ಮನೆಯವರಿಗೆ ಹೇಳಿ. ಲೈಟಿಗೆ ಬೇರೆಯೇ ಆರ್‌ಸಿಸಿಬಿ ಇರಲಿ. ಗ್ರೈಂಡರಿನಿಂದ ಟ್ರಿಪ್ ಆದಾಗ ಕರೆಂಟ್ ಹೋದರೂ ಚಕ್ರ ಸ್ವಲ್ಪ ಹೊತ್ತು ತಿರುಗ್ತಾ ಇರ್ತದೆ. ಆಗ ಕತ್ತಲಾಗಬಾರದು.

ಸಾಕೆಟ್ ಬೆಂಚಿನಿಂದ ಮೇಲೆ ಇರಲಿ, ಬೆಂಚಿನ ಎರಡೂ ತುದಿಯಲ್ಲಿ. ನೆಲದ ಮೇಲೆ ಎಕ್ಸ್‌ಟೆನ್ಷನ್ ಬೋರ್ಡ್ ಬೇಡವೇ ಬೇಡ.

ಇಲ್ಲಿಂದ ಮೆಷಿನ್ ಒಯ್ಯುವವರಿಗೆ ಒಂದು ಮಾತು. ಸೌದಿಯಲ್ಲಿ 60 ಹರ್ಟ್ಸ್, ಊರಲ್ಲಿ 50. ಇಲ್ಲಿಯ ಕಂಪ್ರೆಸರ್, ಬೆಂಚ್ ಡ್ರಿಲ್ಲಿನ ಇಂಡಕ್ಷನ್ ಮೋಟರ್ ಅಲ್ಲಿ ಆರರಲ್ಲಿ ಒಂದು ಪಾಲು ನಿಧಾನ ತಿರುಗ್ತದೆ, ಹೆಚ್ಚು ಬಿಸಿಯಾಗ್ತದೆ. ನೇಮ್‌ಪ್ಲೇಟಿನಲ್ಲಿ 50/60 ಅಂತ ಇದ್ದರೆ ಮಾತ್ರ ಕಾರ್ಗೋಕ್ಕೆ ಹಾಕಿ. ಚಪ್ಪಟೆ ಮೂರು ಪಿನ್ನಿನ ಪ್ಲಗ್ಗಿನೊಳಗೆ ಫ್ಯೂಸ್ ಇರ್ತದೆ. ಅದನ್ನು ಕತ್ತರಿಸಿ ಊರಿನ ಉರುಟು ಪಿನ್ ಹಾಕಿದರೆ ಆ ಫ್ಯೂಸ್ ಹೋಯಿತು.

ಕೊನೆಗೆ ಒಂದೇ ಕೋರಿಕೆ. ಈ ಸಲ ರಜೆಗೆ ಹೋಗುವ ಮೊದಲು ಒಂದು ಹಾಳೆ ತಗೊಂಡು ಶೆಡ್ಡಿನ ಉದ್ದ ಅಗಲ, ಮೀಟರಿನಿಂದ ದೂರ, ಯಾವ ಮೆಷಿನ್ ಎಲ್ಲಿ ಅಂತ ಬರೆಯಿರಿ. ಅದನ್ನು ಊರಿನ ಲೈಸೆನ್ಸ್ ಇರುವ ಗುತ್ತಿಗೆದಾರರ ಕೈಗೆ ಕೊಡಿ. ನನ್ನ ಹತ್ತಿರ ತಂದರೆ ಶುಕ್ರವಾರ ಕೂತು ಒಟ್ಟಿಗೆ ನೋಡುವ. ಇದಕ್ಕೆ ದುಡ್ಡೇನೂ ಬೇಡ, ಚಾ ಕೊಟ್ಟರೆ ಸಾಕು.