ವಕೀಲರ ವೃತ್ತಿಶಿಸ್ತು ಮತ್ತು ಕಕ್ಷಿದಾರರ ರಕ್ಷಣೆ



ಪುಣೆಯ ಗುಲ್ಟೇಕಡಿಯಲ್ಲಿರುವ ಮಾರ್ಕೆಟ್ ಯಾರ್ಡ್‌ನಲ್ಲಿ ಈರುಳ್ಳಿ, ಆಲೂಗಡ್ಡೆ, ಬೆಲ್ಲ, ಧಾನ್ಯಗಳ ಮೂಟೆಗಳು ಲಾರಿಯಿಂದಿಳಿದು ಅಡತಿ ವರ್ತಕರ ಕೈ ಸೇರುತ್ತವೆ. ರೈತನು ಎದುರಿಗಿಲ್ಲದಿದ್ದರೂ ಅವನ ಮಾಲಿಗೆ ತೂಕದ ಚೀಟಿಯಿದೆ, ಮಾರಾಟದ ಪಟ್ಟಿಯಿದೆ. ನಂಬಿ ಒಪ್ಪಿಸಿದ ವಸ್ತುವಿಗೆ ಲೆಕ್ಕ ಕೊಡುವ ಹೊಣೆ ಅಡತಿಯವನದು. ವಕಾಲತ್ತುನಾಮೆಗೆ ಸಹಿ ಹಾಕುವ ಕಕ್ಷಿದಾರನೂ ತನ್ನ ವ್ಯಾಜ್ಯವನ್ನು ವಕೀಲರಿಗೆ ಹೀಗೆಯೇ ನಂಬಿ ಒಪ್ಪಿಸುತ್ತಾನೆ.

ಇದೇ ಯಾರ್ಡಿನಲ್ಲಿ ಮೂಟೆ ಹೊರುವ ವಿಜಯಪುರ ಜಿಲ್ಲೆಯ ಶ್ರಮಿಕನೊಬ್ಬನ ಜಮೀನಿನ ದಾವೆ ಊರಿನ ನ್ಯಾಯಾಲಯದಲ್ಲಿದೆ ಎಂದು ಭಾವಿಸಬಹುದು. ಪ್ರತಿ ವಾಯಿದೆಗೂ ಊರಿಗೆ ಹೋದರೆ ಅವನಿಗೆ ಕೂಲಿಯಿಲ್ಲ. ಶುಲ್ಕ ಕೊಟ್ಟು ನಿಶ್ಚಿಂತನಾಗಿರುತ್ತಾನೆ. ವಕೀಲರು ಹಾಜರಾಗದೆ ದಾವೆ ವಜಾ ಆದರೆ, ಅವನ ಮುಂದೆ ಎರಡು ಪ್ರಶ್ನೆಗಳು ಏಳುತ್ತವೆ: ದಾವೆಯ ಗತಿಯೇನು? ವಕೀಲರನ್ನು ಕೇಳುವವರು ಯಾರು?

ಈ ಎರಡಕ್ಕೂ ಮಾರ್ಗಗಳು ಬೇರೆ ಬೇರೆ. ವಕೀಲರ ಮೇಲಿನ ದೂರಿನಿಂದ ದಾವೆಯು ಪುನಃ ಜೀವ ತಳೆಯುವುದಿಲ್ಲ. ಗೈರುಹಾಜರಿಯಿಂದ ವಜಾ ಆದ ದಾವೆಯ ಪುನಃಸ್ಥಾಪನೆಗೆ 30 ದಿನಗಳೊಳಗೆ ಅದೇ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸತಕ್ಕದ್ದು. ವಿಳಂಬವಾದಲ್ಲಿ ಸಾಕಷ್ಟು ಕಾರಣ ತೋರಿಸಿ, ಕಾಲಮಿತಿ ಅಧಿನಿಯಮದ 5ನೇ ಪ್ರಕರಣದನ್ವಯ ಮನ್ನಾ ಕೋರಬಹುದು. ವಕೀಲರ ತಪ್ಪಿಗೆ ನಿರ್ದೋಷಿಯಾದ ಕಕ್ಷಿದಾರನು ನಷ್ಟಕ್ಕೊಳಗಾಗಬಾರದೆಂದು ಸರ್ವೋಚ್ಚ ನ್ಯಾಯಾಲಯವು 1981ರಲ್ಲಿ ರಫೀಕ್ ಪ್ರಕರಣದಲ್ಲಿ ಹೇಳಿತು. ಆದರೆ ಕಕ್ಷಿದಾರನು ತಾನು ಎಷ್ಟು ಜಾಗರೂಕನಾಗಿದ್ದನೆಂಬುದನ್ನೂ ನ್ಯಾಯಾಲಯಗಳು ಪರಿಶೀಲಿಸುತ್ತವೆ.

ಎರಡನೆಯ ಮಾರ್ಗವು ವಕೀಲರ ಅಧಿನಿಯಮ, 1961ರ 35ನೇ ಪ್ರಕರಣದಲ್ಲಿದೆ. ವಕೀಲರ ಹೆಸರು ಯಾವ ರಾಜ್ಯದ ಪಟ್ಟಿಯಲ್ಲಿದೆಯೋ ಆ ರಾಜ್ಯದ ವಕೀಲರ ಪರಿಷತ್ತಿಗೇ ದೂರು ಸಲ್ಲಬೇಕು. ಪುಣೆಯಲ್ಲಿ ನೆಲೆಸಿದವನಾದರೂ, ವಕೀಲರು ಕರ್ನಾಟಕದಲ್ಲಿ ನೋಂದಾಯಿತರಾಗಿದ್ದರೆ ದೂರು ಬೆಂಗಳೂರಿನ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ ಹೋಗುತ್ತದೆ. ಅದು ಕನ್ನಡದಲ್ಲಿಯೂ ಇರಬಹುದು. ದೂರಿಗೆ ಸಹಿ, ಸತ್ಯಾಪನೆ ಮತ್ತು ನಿಗದಿತ ಶುಲ್ಕ ಅಗತ್ಯ. ಮೂವರು ಸದಸ್ಯರ ಶಿಸ್ತು ಸಮಿತಿಯು ಉಭಯರನ್ನೂ ಆಲಿಸಿ, ದೂರನ್ನು ವಜಾ ಮಾಡಬಹುದು. ತಪ್ಪು ರುಜುವಾತಾದರೆ ಛೀಮಾರಿ ಹಾಕಬಹುದು, ವೃತ್ತಿಯಿಂದ ಅಮಾನತುಗೊಳಿಸಬಹುದು ಅಥವಾ ಪಟ್ಟಿಯಿಂದ ಹೆಸರನ್ನೇ ತೆಗೆದುಹಾಕಬಹುದು. ಒಂದು ವರ್ಷದೊಳಗೆ ಇತ್ಯರ್ಥವಾಗದ ದೂರು ಭಾರತೀಯ ವಕೀಲರ ಪರಿಷತ್ತಿಗೆ ವರ್ಗವಾಗುತ್ತದೆ. ಆದೇಶದ ಮೇಲೆ 60 ದಿನಗಳೊಳಗೆ ಆ ಪರಿಷತ್ತಿಗೂ, ಅಲ್ಲಿಂದ ಸರ್ವೋಚ್ಚ ನ್ಯಾಯಾಲಯಕ್ಕೂ ಮೇಲ್ಮನವಿ ಸಲ್ಲಿಸಬಹುದು.

ಮದ್ರಾಸಿನ ಪ್ರಕರಣವೊಂದರಲ್ಲಿ ಕಿವಿ ಕೇಳದ ವೃದ್ಧರೊಬ್ಬರು ಎರಡು ಪ್ರಾಮಿಸರಿ ನೋಟುಗಳನ್ನು ವಕೀಲರಿಗೊಪ್ಪಿಸಿದ್ದರು. ದಾವೆ ಹೂಡದೆಯೇ ಹೂಡಿದ್ದಾಗಿ ನಂಬಿಸಲಾಯಿತು. ಅಷ್ಟರಲ್ಲಿ ಕಾಲಮಿತಿ ಮೀರಿತು. ರಾಜ್ಯ ಪರಿಷತ್ತು ವಿಧಿಸಿದ ಆರು ವರ್ಷಗಳ ಅಮಾನತನ್ನು ಭಾರತೀಯ ಪರಿಷತ್ತು ಒಂದು ವರ್ಷಕ್ಕಿಳಿಸಿತು. 1978ರಲ್ಲಿ ಸರ್ವೋಚ್ಚ ನ್ಯಾಯಾಲಯವು ದುರ್ನಡತೆಯ ನಿರ್ಣಯವನ್ನು ಎತ್ತಿಹಿಡಿದು, ಬಡವರಿಗೆ ಉಚಿತ ಕಾನೂನು ಸೇವೆ ಸಲ್ಲಿಸುವಂತೆ ದಂಡನೆಯನ್ನು ಮಾರ್ಪಡಿಸಿತು.

ಆದರೆ ದಾವೆ ಸೋತದ್ದೇ ದುರ್ನಡತೆಯಲ್ಲ. ನೈತಿಕ ದೋಷವಿಲ್ಲದ ಕೇವಲ ಅಜಾಗ್ರತೆಯು ವೃತ್ತಿ ದುರ್ನಡತೆ ಎನಿಸದೆಂದು 1963ರಲ್ಲಿಯೇ ತೀರ್ಪಾಗಿದೆ. ವಕೀಲರ ಸೇವೆಯು ಗ್ರಾಹಕ ನ್ಯಾಯಾಲಯದ ವ್ಯಾಪ್ತಿಗೆ ಬಾರದೆಂದು 2024ರ ಮೇ 14ರಂದು ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿತು. ಬಾಕಿ ಶುಲ್ಕಕ್ಕಾಗಿ ವಕೀಲರು ಕಕ್ಷಿದಾರನ ಕಾಗದಪತ್ರಗಳನ್ನು ತಡೆಹಿಡಿಯುವಂತಿಲ್ಲವೆಂಬುದು 2000ದ ತೀರ್ಪು.

ಆದ್ದರಿಂದ ಕಕ್ಷಿದಾರನು ಕೊಟ್ಟ ಹಣಕ್ಕೆ ರಸೀದಿ, ದಾವೆಯ ಸಂಖ್ಯೆ, ಮುಂದಿನ ವಾಯಿದೆ ಮತ್ತು ಕಾಗದಗಳ ನಕಲು ಇವನ್ನು ಕೇಳಿ ಪಡೆಯುವುದು ಹಿತಕರ. ಇ-ಕೋರ್ಟ್ಸ್ ಸೇವೆಯಲ್ಲಿ 16 ಅಂಕಾಕ್ಷರಗಳ ಸಿ.ಎನ್.ಆರ್. ಸಂಖ್ಯೆಯಿಂದ ಪ್ರಕರಣದ ಸ್ಥಿತಿಯನ್ನು ದೂರದಿಂದಲೇ ತಿಳಿಯಬಹುದು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡಗಳವರು, ಕೈಗಾರಿಕಾ ಕಾರ್ಮಿಕರು ಮೊದಲಾದವರಿಗೆ 1987ರ ಅಧಿನಿಯಮದಡಿ ಉಚಿತ ಕಾನೂನು ನೆರವು ಲಭ್ಯವಿದೆ.

ಮೂಟೆಯ ತೂಕಕ್ಕೆ ಚೀಟಿ ಕೇಳಲು ಯಾರ್ಡಿನಲ್ಲಿ ಯಾರೂ ಸಂಕೋಚಪಡುವುದಿಲ್ಲ. ತನ್ನ ಜಮೀನಿನ ದಾವೆ ಎಲ್ಲಿಗೆ ಬಂತೆಂದು ವಕೀಲರನ್ನು ಕೇಳಲೂ ಸಂಕೋಚ ಬೇಕಾಗಿಲ್ಲ. ಪ್ರಾಮಾಣಿಕ ವಕೀಲರು ಅಂತಹ ಪ್ರಶ್ನೆಯನ್ನು ಸ್ವಾಗತಿಸುವರು.