ಸಾಲದ ಕಣ್ಣೀರು



ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಂದ ದಿನ ನಮ್ಮ ಚಿಕ್ಕಮ್ಮ ಸಿಟ್ಟಿನಲ್ಲಿದ್ದರು. "ಸಂಜೆಯಾದರೆ ಕಣ್ಣಿಂದ ದಳದಳ ನೀರು ಸುರಿಯುತ್ತೆ ಅಂದ್ರೆ, ನಿಮ್ಮ ಕಣ್ಣು ಒಣಗಿದೆ ಅಂತಾರಲ್ಲ!" ಅನ್ನುವುದು ಅವರ ತಕರಾರು. ಅದಕ್ಕೆ ಬರೆದುಕೊಟ್ಟದ್ದಾದರೂ ಏನು? ಇನ್ನಷ್ಟು ನೀರು. ಪುಟ್ಟ ಬಾಟಲಿಯಲ್ಲಿ ತುಂಬಿದ ಕೃತಕ ಕಣ್ಣೀರು.

ಡಾಕ್ಟರು ತಪ್ಪೇನೂ ಹೇಳಿರಲಿಲ್ಲ. ಅಳುವಾಗ, ಈರುಳ್ಳಿ ಹೆಚ್ಚುವಾಗ ಉಕ್ಕುವ ಕಣ್ಣೀರು ಒಂದು. ಹಗಲೆಲ್ಲ ಸದ್ದಿಲ್ಲದೆ ಕಣ್ಣನ್ನು ತೇವವಾಗಿಡುವ ಕಣ್ಣೀರು ಇನ್ನೊಂದು. ಈ ಎರಡನೆಯದು ಬರೀ ನೀರಲ್ಲ. ಕಣ್ಣಿಗೆ ಅಂಟಿಕೊಳ್ಳುವ ಲೋಳೆ, ಅದರ ಜತೆ ನೀರು, ಎಲ್ಲಕ್ಕೂ ಮೇಲೆ ಸಾರಿನ ಮೇಲೆ ಒಗ್ಗರಣೆ ಹರಡಿದ ಹಾಗೆ ತೆಳ್ಳನೆಯ ಎಣ್ಣೆ. ಈ ಎಣ್ಣೆ ರೆಪ್ಪೆಯಂಚಿನ ಗ್ರಂಥಿಗಳಲ್ಲಿ ತಯಾರಾಗುತ್ತದೆ. ಜರ್ಮನಿಯ ಹೈನ್ರಿಕ್ ಮೈಬೋಮ್ ಎಂಬ ವೈದ್ಯ 1666ರಲ್ಲಿ ಅವನ್ನು ವಿವರಿಸಿದ್ದರಿಂದ ಇವತ್ತಿಗೂ ಅವಕ್ಕೆ ಮೈಬೋಮಿಯನ್ ಗ್ರಂಥಿ ಎಂದೇ ಹೆಸರು. ಎಣ್ಣೆ ಕಡಿಮೆಯಾದರೆ ನೀರು ಬೇಗ ಆರಿಹೋಗುತ್ತದೆ, ಕಣ್ಣು ಅಲ್ಲಲ್ಲಿ ಒಣಗಿ ಚುರುಚುರು ಎನ್ನುತ್ತದೆ. ಆ ಉರಿಗೆ ಬೆದರಿ ಈರುಳ್ಳಿ ಕಣ್ಣೀರು ನುಗ್ಗಿ ಬರುತ್ತದೆ, ಬಂದದ್ದು ನಿಲ್ಲದೆ ಕೆನ್ನೆಗೆ ಹರಿದುಹೋಗುತ್ತದೆ. ಬಿರಿದ ಹೊಲಕ್ಕೆ ಬಿದ್ದ ಬಿರುಮಳೆಯ ಕತೆಯೇ.

ವಯಸ್ಸು, ಮುಟ್ಟು ನಿಂತ ನಂತರದ ದಿನಗಳು, ಸಕ್ಕರೆ ಕಾಯಿಲೆ, ನೆಗಡಿ-ಅಲರ್ಜಿಗೆ ನುಂಗುವ ಕೆಲವು ಮಾತ್ರೆಗಳು, ಮುಖಕ್ಕೇ ಬೀಸುವ ಫ್ಯಾನು, ಎಸಿ, ಬೇಸಿಗೆಯಲ್ಲಿ ಕಲಬುರಗಿ ಕಡೆಯ ಬಸ್ಸಿನ ಕಿಟಕಿ ಸೀಟು, ಇವೆಲ್ಲ ಕಣ್ಣನ್ನು ಒಣಗಿಸುತ್ತವೆ. ಜತೆಗೆ ಮೊಬೈಲು. ಮಾಮೂಲಾಗಿ ನಿಮಿಷಕ್ಕೆ ಹದಿನೈದು ಸಲ ರೆಪ್ಪೆ ಬಡಿಯುವ ನಾವು ಪರದೆ ನೋಡುವಾಗ ಅದರ ಅರ್ಧದಷ್ಟೂ ಬಡಿಯುವುದಿಲ್ಲ.

ಈಗ ಹನಿಯ ವಿಷಯಕ್ಕೆ ಬರೋಣ. ಇದರಲ್ಲಿ ಸಾಮಾನ್ಯವಾಗಿ ಇರುವುದು ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್. ಹೆಸರು ದೊಡ್ಡದು, ಪದಾರ್ಥ ಸರಳ: ಗಿಡದ ನಾರಿನಿಂದ ಮಾಡಿದ, ನೀರನ್ನು ಹಿಡಿದಿಡುವ ಒಂದು ಬಗೆಯ ಗಂಜಿ. ಇದು ಕಾಯಿಲೆಯ ಬೇರಿಗೆ ಕೈಹಾಕುವುದಿಲ್ಲ. ಕೊರತೆ ತುಂಬುತ್ತದೆ, ಅಷ್ಟೆ. ಸಾಲ ತಂದ ಕಣ್ಣೀರು, ಹಾಗಾಗಿ ದಿನಾ ತರಬೇಕು. ಉರಿ ಹತ್ತಿದ ಮೇಲೆ ಬಾಟಲಿ ಹುಡುಕುವುದಕ್ಕಿಂತ ಹೊತ್ತಿಗೆ ಸರಿಯಾಗಿ ಹಾಕಿಕೊಂಡರೆ ಗುಣ ಹೆಚ್ಚು.

ಚಿಕ್ಕಮ್ಮ ಹನಿ ಹಾಕಿಕೊಳ್ಳುವುದನ್ನು ನೋಡಬೇಕಿತ್ತು. ತಲೆ ಮೇಲೆತ್ತಿ, ಕಣ್ಣು ಕಿರಿದು ಮಾಡಿ, ಬಾಯಿ ಅಗಲ ತೆರೆದು, ಮೂರು ಹನಿ! ಒಂದು ಹುಬ್ಬಿಗೆ, ಒಂದು ಮೂಗಿಗೆ, ಒಂದು ಕಣ್ಣಿಗೆ. ಲೆಕ್ಕ ನೋಡಿ: ಕಣ್ಣ ಮೇಲಿರುವ ಕಣ್ಣೀರು ಸುಮಾರು 7 ಮೈಕ್ರೋಲೀಟರ್. ರೆಪ್ಪೆಯೊಳಗೆ ಹಿಡಿಸುವುದು ಹೆಚ್ಚೆಂದರೆ 30. ಬಾಟಲಿಯ ಒಂದೇ ಹನಿ 30ರಿಂದ 50 ಮೈಕ್ರೋಲೀಟರ್ ಇರುತ್ತದೆ. ಅಂದಮೇಲೆ ಎರಡನೆಯ ಹನಿ ನೀವು ಕೆನ್ನೆಗಾಗಿ ಕೊಂಡದ್ದು.

ಕೈ ತೊಳೆದುಕೊಳ್ಳಿ. ಕೆಳರೆಪ್ಪೆಯನ್ನು ಬೆರಳಿನಿಂದ ಮೆಲ್ಲಗೆ ಎಳೆದರೆ ಜೇಬಿನಂಥ ಜಾಗ ಕಾಣುತ್ತದೆ. ದೃಷ್ಟಿ ಸೂರಿನ ಕಡೆಗಿರಲಿ. ಆ ಜೇಬಿಗೆ ಒಂದೇ ಒಂದು ಹನಿ. ಬಾಟಲಿಯ ತುದಿ ರೆಪ್ಪೆಗೂ ಬೆರಳಿಗೂ ತಾಗಕೂಡದು. ಆಮೇಲೆ ಪಟಪಟ ರೆಪ್ಪೆ ಬಡಿಯದೆ ಒಂದು ನಿಮಿಷ ಸುಮ್ಮನೆ ಕಣ್ಣು ಮುಚ್ಚಿರಿ. ಬೇರೆ ಡ್ರಾಪ್ಸ್ ಕೂಡ ಇದ್ದರೆ ನಡುವೆ ಐದು ನಿಮಿಷವಾದರೂ ಬಿಡಿ, ಇಲ್ಲವಾದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ. ರಾತ್ರಿಗೆ ಗಟ್ಟಿ ಜೆಲ್ ಅಥವಾ ಮುಲಾಮು ಕೊಟ್ಟಿದ್ದರೆ ಮಲಗುವ ಮುಂಚೆ ಹಚ್ಚಿ. ಸ್ವಲ್ಪ ಹೊತ್ತು ನೋಟ ಮಂಜಾಗುತ್ತದೆ, ಗಾಬರಿ ಬೇಡ.

ಹಲವು ಬಾಟಲಿಗಳಲ್ಲಿ ಕೆಡದಂತೆ ಕಾಯುವ ರಾಸಾಯನಿಕ ಇರುತ್ತದೆ. ಅದರಲ್ಲೂ ಬೆಂಜಾಲ್ಕೋನಿಯಂ ಕ್ಲೋರೈಡ್ ಎಂಬುದು ಪದೇಪದೇ ಬಿದ್ದರೆ ಒಣಗಿದ ಕಣ್ಣನ್ನು ಇನ್ನಷ್ಟು ನೋಯಿಸುತ್ತದೆ. ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಹಾಕಿಕೊಳ್ಳುವವರು ಪ್ರಿಸರ್ವೇಟಿವ್ ಇಲ್ಲದ್ದನ್ನು ಕೇಳಿ ಪಡೆಯಿರಿ. ಬೆಲೆ ಜಾಸ್ತಿ, ಆದರೆ ಕೊಡತಕ್ಕ ಬೆಲೆಯೇ.

ಮೆಡಿಕಲ್ ಶಾಪಿನಲ್ಲಿ "ಕಣ್ಣು ಕೆಂಪಾಗಿದೆ, ಒಂದು ಡ್ರಾಪ್ಸ್ ಕೊಡಿ" ಎನ್ನುವುದನ್ನು ಮಾತ್ರ ಬಿಟ್ಟುಬಿಡಿ. ಕೈಗೆ ಸಿಕ್ಕಿದ್ದು ಸ್ಟೀರಾಯ್ಡ್ ಹನಿಯಾದರೆ ಉರಿ ಥಟ್ಟನೆ ಇಳಿಯುತ್ತದೆ. ತಿಂಗಳುಗಟ್ಟಲೆ ಹಾಕಿಕೊಂಡರೆ ಗ್ಲಾಕೋಮಾ, ಪೊರೆ ಎರಡೂ ಬರಬಹುದು. ನಂದಿಬಟ್ಟಲು ಹೂವನ್ನು ಮುಚ್ಚಿದ ರೆಪ್ಪೆಯ ಮೇಲೆ ತಂಪಿಗೆ ಇಟ್ಟುಕೊಳ್ಳುವ ಅಜ್ಜಿಯರ ಬಗ್ಗೆ ನನ್ನ ಜಗಳವಿಲ್ಲ. ಅದರ ರಸ, ಜೇನು, ಎದೆಹಾಲು ಕಣ್ಣಿನೊಳಗೆ ಹೋಗುವುದು ಬೇಡ. ನೋವು, ಬೆಳಕು ನೋಡಲಾಗದ ಸ್ಥಿತಿ, ಮಂಜಾದ ನೋಟ ಇದ್ದರೆ ಹನಿಯಲ್ಲಿ ಕಾಲ ಕಳೆಯದೆ ಡಾಕ್ಟರ ಬಳಿ ಹೋಗಿ.

2023ರಲ್ಲಿ ಅಮೆರಿಕದಲ್ಲಿ ಕೃತಕ ಕಣ್ಣೀರಿನ ಬಾಟಲಿಗಳಿಗೆ ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ ಸೇರಿ ಹದಿನಾಲ್ಕು ಮಂದಿ ದೃಷ್ಟಿ ಕಳೆದುಕೊಂಡರು, ನಾಲ್ವರು ಸತ್ತರು. ಅದು ತಯಾರಿಕೆಯಲ್ಲೇ ಆದ ದೋಷ ಎನ್ನಲಾಯಿತು. ಆದರೆ ತೆರೆದ ಬಾಟಲಿಗೆ ರೋಗಾಣು ನಮ್ಮ ಮನೆಯಲ್ಲೂ ಸೇರಬಹುದು. ಸೀಲು ಒಡೆದ ದಿನವೇ ಬಾಟಲಿಯ ಮೇಲೆ ತಾರೀಕು ಬರೆಯಿರಿ. ಬಹುಪಾಲು ಬಾಟಲಿಗಳ ಆಯುಸ್ಸು ಅಲ್ಲಿಂದ ಒಂದು ತಿಂಗಳು. ಎಕ್ಸ್‌ಪೈರಿ ಎಂದು ಮುದ್ರಿಸಿದ ತಾರೀಕು ತೆರೆಯದ ಬಾಟಲಿಯದ್ದು. ನಿಮ್ಮ ಫ್ರಿಜ್ಜಿನ ಬಾಗಿಲಲ್ಲಿ ಹೋದ ವರ್ಷದ್ದೊಂದು ನಿಂತಿದ್ದರೆ, ರೇಡಿಯೋ ಆರಿಸಿದ ಮೇಲೆ ಮೊದಲು ಅದನ್ನು ಎಸೆದು ಬನ್ನಿ.